ಆದಿತ್ಯವಾರ ಬಾಗಿಲು ಹಾಕುವವರ ಪಟ್ಟಿ

ಆರಾಧನೆ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ಫ್ಯಾಮಿಲಿ ಗ್ರೂಪಿಗೆ ಶೀಲತ್ತೆಯ ಫಾರ್ವರ್ಡ್ ಬಂತು: ‘ದೇವರಿಗೆ ಭಯಪಡುವ ಕಂಪನಿಗಳು, ಇವರಲ್ಲೇ ಕೊಳ್ಳಿರಿ. ಸೈತಾನನ ಕಂಪನಿ, ಮುಟ್ಟಬೇಡಿರಿ.’ ಪೂರ್ತಿ ಕಾಣಬೇಕಾದರೆ ‘ಇನ್ನಷ್ಟು ಓದಿ’ ಒತ್ತಬೇಕು. ಅಷ್ಟು ಉದ್ದ.

ದೊಡ್ಡಪ್ಪ: ಆಮೆನ್. ಅಮೆರಿಕದ ಚಿಕನ್ ಹೋಟೆಲಿನವರು ಚಿಕ್-ಫಿಲ್-ಎ, ಅವರನ್ನ ನೋಡಿ ಕಲೀಬೇಕು. 1946ರಿಂದ ಆದಿತ್ಯವಾರ ಬಾಗಿಲು ಹಾಕ್ತಾರೆ. ನಮ್ಮಲ್ಲಿ ಕೆಲವರಿಗೆ ಆದಿತ್ಯವಾರ ಅಂದ್ರೆ ನಿದ್ದೆ.

(ಆ ‘ಕೆಲವರು’ ನಾನು.)

ಪ್ರವೀಣ: ಸೋರ್ಸ್ ಏನು ಅತ್ತೆ?

ಶೀಲತ್ತೆ: ಸಭೆಯ ಗ್ರೂಪಿಂದ ಬಂದದ್ದು. ಸಭೆಯವರು ಸುಳ್ಳು ಹೇಳ್ತಾರಾ?

ಪ್ರವೀಣ: ಚಂದ್ರನೂ 13 ನಕ್ಷತ್ರವೂ ಇರೋ ಲೋಗೋ ಸೈತಾನನದು ಅಂತ ಫಾರ್ವರ್ಡಲ್ಲಿದೆಯಲ್ಲ, ಅದು ಸೋಪು-ಪುಡಿ ಮಾಡೋ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಮೇಲಿನ ಹಳೇ ಗಾಳಿಸುದ್ದಿ. ನಕ್ಷತ್ರ ಅಂದ್ರೆ ಅಮೆರಿಕದ ಮೊದಲ 13 ವಸಾಹತುಗಳು. ಕಾಟ ತಡೀಲಾರದೆ 1985ರಲ್ಲಿ ಪ್ಯಾಕೆಟ್ ಮೇಲಿಂದ ಲೋಗೋನೇ ತೆಗೆಯೋಕೆ ಹೊರಟರು. ಆಮೇಲೆ ವಾಯ್ಸ್‌ಮೇಲಲ್ಲಿ ಇದನ್ನೇ ಹಂಚಿದ ನಾಲ್ವರ ಮೇಲೆ ಕೇಸು ಹಾಕಿ, 2007ರಲ್ಲಿ 1.92 ಕೋಟಿ ಡಾಲರ್ ಪರಿಹಾರದ ತೀರ್ಪು ತಗೊಂಡರು. ನಾಲ್ವರೂ ಪೈಪೋಟಿ ಕಂಪನಿಯ ಮಾಜಿ ವಿತರಕರು.

ಶೀಲತ್ತೆ: ವಿತರಕರು ಅಂತ ಯಾರಿಗೆ ಚುಚ್ತಿದ್ದೀಯ, ಗೊತ್ತು ಬಿಡು.

ಲೋಗೋ ಕಥೆ ಅಲ್ಲಿಗೆ ಮುಗಿಯಿತು. ಒಂದು ಕಾಲದಲ್ಲಿ ಪ್ರಾರ್ಥನಾ ಕೂಟಕ್ಕೆ ‘ಆಮೆನ್’ ಬಿದ್ದ ಕೂಡಲೇ ಅತ್ತೆಯ ಬ್ಯಾಗಿಂದ ವಿಟಮಿನ್ ಡಬ್ಬಿ ಹೊರಗೆ ಬರುತ್ತಿತ್ತು. ಕಣ್ಣು ಮುಚ್ಚಿ ಕೈ ಮುಗಿದ ಕೋಣೆಯಲ್ಲೇ ಬೆಲೆ ಕೇಳೋದು ಹೇಗೆ? ಪ್ರವೀಣನ ಅಮ್ಮ ಕೇಳದೆಯೇ ಮೂರು ಡಬ್ಬಿ ಕೊಂಡರು.

ಶೀಲತ್ತೆ: ನಿನ್ನಮ್ಮ ತಾನಾಗೇ ತಗೊಂಡಿದ್ದು.

ಪ್ರವೀಣ: ನೀವು ‘ದೇವರು ನನ್ನ ಮನಸ್ಸಿಗೆ ತಂದರು’ ಅಂದ ಮೇಲೆ.

ಸ್ಟ್ಯಾನ್ಲಿ: ಅಯ್ಯೋ, ಆ ಡಬ್ಬಿ! ಅಜ್ಜಿ ಅದರಲ್ಲೇ ಸೂಜಿ, ಗುಂಡಿ ಇಡ್ತಿದ್ದಳು. ‘ಯೇಸು ಏನು ಮಾಡುತ್ತಿದ್ದ’ ಅಂತ ಬರೆದ ಕೈಪಟ್ಟಿ ನೆನಪಿದೆಯಾ? ದೊಡ್ಡಪ್ಪ ನನ್ನದು ಕಿತ್ಕೊಂಡಿದ್ರು.

ದೊಡ್ಡಪ್ಪ: ಪರೀಕ್ಷೆಯಲ್ಲಿ ಕಾಪಿ ಹೊಡೆದ ಕೈಗೆ ಅದು ಯಾಕೆ? ಮತ್ತೆ ಎಲ್ಲರೂ ಕೇಳಿ. ದೇವಾಲಯದಲ್ಲಿ ಯೇಸು ಹಣ ಬದಲಾಯಿಸೋ ಚಿನಿವಾರರ ಮೇಜು ಕೆಡವಿದ್ದು ಸುಮ್ಮನೆ ಅಲ್ಲ. ಆರಾಧನೆ ಬೇರೆ, ವ್ಯಾಪಾರ ಬೇರೆ.

ಪ್ರವೀಣ: ಹಾಗಾದ್ರೆ ಫಾರ್ವರ್ಡಿಗೆ ಆಮೆನ್ ಯಾಕೆ?

ದೊಡ್ಡಪ್ಪ: ಅದು ಆದಿತ್ಯವಾರಕ್ಕೆ ಹೇಳಿದ್ದು.

ಗ್ರೇಸ್: ಅಮೆರಿಕದ ಬರ್ಗರ್ ಹೋಟೆಲು ಇನ್-ಎನ್-ಔಟ್ ಕಪ್ಪಿನ ತಳದಲ್ಲಿ ಬೈಬಲಿನ ಯೋಹಾನ 3:16 ಅಂತ ಇರುತ್ತೆ. ವಾಕ್ಯ ಇಲ್ಲ, ಬರೀ ನಂಬರು.

ಗ್ರೇಸಿಗೆ ಯಾರೂ ಉತ್ತರ ಕೊಡಲಿಲ್ಲ, ಎಂದಿನಂತೆ. ನನಗೇನೋ ಆ ಕಪ್ಪಿನವರ ಮೇಲೆ ತಕರಾರಿಲ್ಲ; ಎತ್ತಿ ನೋಡಿದವರಿಗೆ ಮಾತ್ರ ಕಾಣುತ್ತೆ, ಅದನ್ನು ತೋರಿಸಿ ಯಾರನ್ನೂ ಒಳಗೆ ಕರೆಯೋದಿಲ್ಲ. ನನ್ನ ಪೇಚಾಟ ‘ಕ್ರಿಸ್ತನಲ್ಲಿ ಪ್ರಿಯರೇ’ ಅಂತ ಶುರುವಾಗಿ ರೇಟಿನಲ್ಲಿ ಮುಗಿಯುವ ಮಾತುಗಳದ್ದು.

ಅನುಮಾನ ಬಂದು ‘ಇನ್ನಷ್ಟು ಓದಿ’ ಒತ್ತಿದೆ. ತೀರಾ ಕೆಳಗೆ, ಪ್ರವೀಣನೂ ಇಳಿಯದಷ್ಟು ಕೆಳಗೆ, ಹೀಗಿತ್ತು: ‘ಕ್ರಿಸ್ತನಲ್ಲಿ ಪ್ರಿಯರೇ, ಆಶೀರ್ವಾದದ ಆರೋಗ್ಯ ಪುಡಿ. ವಿಶ್ವಾಸಿಗಳಿಗೆ ಮಾತ್ರ ರಿಯಾಯಿತಿ. ಕೋಡ್: ಕೀರ್ತನೆ23.’

ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ. ಐದು ನಿಮಿಷ ಯಾರದೂ ಸದ್ದಿಲ್ಲ. ಆಮೇಲೆ ನನ್ನೊಬ್ಬನಿಗೇ ಒಂದು ಮೆಸೇಜ್ ಬಂತು, ದೊಡ್ಡಪ್ಪನಿಂದ.

‘ಆ ಕೋಡ್ ಬೆಳಗಿಂದ ಹಾಕ್ತಿದ್ದೀನಿ, ಹಿಡೀತಾ ಇಲ್ಲ. ಪ್ರವೀಣನಿಗೆ ಹೇಳಬೇಡ.’