ನುಗ್ಗೆ ಮರದ ಬಿಳಿ ಹಕ್ಕಿ: ನಮ್ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫೋಟೋ) ಶ್ರೀನಿವಾಸಪುರದ ತೋಟದಲ್ಲಿ, ನುಗ್ಗೆ ಮರದ ಮೇಲೆ ಕೂತಿತ್ತು. ಯಾವುದೋ ವಿದೇಶಿ ಹಕ್ಕಿ. ಪಂಜರದಿಂದ ತಪ್ಪಿಸಿಕೊಂಡು ಬಂದಿರಬೇಕು.

ಚಿಕ್ಕಮ್ಮ: ಎಷ್ಟು ಬೆಳ್ಳಗಿದೆ! ಲಕ್ಷ್ಮಿನೇ ಬಂದ ಹಾಗಾಯ್ತು. ಈ ಸಲ ಮಾವಿಗೆ ಒಳ್ಳೆ ರೇಟು ಸಿಗುತ್ತೆ ನೋಡಿ.

ಬಾವ: ನನ್ನ ಆ್ಯಪ್ ಪಾರಿವಾಳ ಅಂತಿದೆ.

ನಾನು: ಆ ಜುಟ್ಟು ನೋಡಿದ ಮೇಲೂ ಪಾರಿವಾಳನಾ ಬಾವ? ದೊಡ್ಡಪ್ಪ, ಫೋಟೋ ದೊಡ್ಡದು ಮಾಡಿ ಬಾಲದ ಬುಡದ ಕೆಳಗೆ ನೋಡಿ. ಕೆಂಪಗಿದೆ ಅಲ್ವಾ? ದಿನಾ ಬಂದು ಪರಂಗಿ ಹಣ್ಣು ಕುಕ್ಕಿ ಹೋಗುತ್ತಲ್ಲ, ಅದೇ ಪಿಕಳಾರ.

ದೊಡ್ಡಪ್ಪ: ಪಿಕಳಾರದ ತಲೆ ಕಪ್ಪು. ಹುಟ್ಟಿದಾಗಿನಿಂದ ನೋಡ್ತಿದ್ದೇನೆ, ನನಗೇ ಹೇಳ್ತೀಯಾ?

ನಾನು: ಕಪ್ಪೇ, ಆದರೆ ಇದಕ್ಕೆ ಕಪ್ಪು ಬಣ್ಣ ಗರಿಗೆ ಸೇರಿಲ್ಲ. ಕಪ್ಪು, ಕಂದು ಬರುವುದು ಮೆಲನಿನ್‌ನಿಂದ, ಅದನ್ನು ಹಕ್ಕಿಯ ಮೈಯೇ ಮಾಡಿಕೊಳ್ಳುತ್ತೆ. ಬಾಲದ ಬುಡದ ಕೆಂಪು ಬೇರೆ, ಅದು ತಿಂದ ಹಣ್ಣುಹಂಪಲಿನಿಂದ ಬರುವ ಬಣ್ಣ, ಅದಕ್ಕೇ ಮೈಯೆಲ್ಲ ಬೆಳ್ಳಗಾದರೂ ಕೆಂಪು ಹಾಗೇ ಉಳಿದಿದೆ.

ಬಾವ: ಅಲ್ಬಿನೋ ಅಂತ ಒಂದೇ ಮಾತಲ್ಲಿ ಹೇಳಬಾರದಾ?

ನಾನು: ಅಲ್ಬಿನೋ ಆಗಿದ್ದರೆ ಕಣ್ಣಲ್ಲೂ ಬಣ್ಣ ಇರಲ್ಲ, ಒಳಗಿನ ರಕ್ತ ಕಂಡು ಕೆಂಪಗೆ ಕಾಣುತ್ತೆ. ಇದರ ಕಣ್ಣು ಕಪ್ಪು. ರೆಕ್ಕೆಯಲ್ಲೂ ಕಂದು ಗರಿ ಇವೆ. ಲ್ಯೂಸಿಸಂ ಇರಬೇಕು, ಅಂದರೆ ಕಣ್ಣಿನ ಬಣ್ಣ ಹಾಗೇ ಇದ್ದು, ಗರಿಗೆ ಮಾತ್ರ ಪೂರ್ತಿಯಾಗೋ ಅಲ್ಲಲ್ಲಿಯೋ ಬಣ್ಣ ಸೇರದಿರುವುದು.

ಅಣ್ಣ: ಅದೆಲ್ಲ ಏನಿಲ್ಲ. ಮಾವಿಗೆ ಹೊಡೆಯೋ ಔಷಧಿ ಬಿದ್ದಿದೆ, ಅಷ್ಟೇ.

ನಾನು: ಔಷಧಿ ಬಿದ್ದರೆ ಹಕ್ಕಿ ಸಾಯಬಹುದು ಅಣ್ಣ, ಸುಣ್ಣ ಬಳಿದ ಹಾಗೆ ಆಗಲ್ಲ. ಗರಿಗೆ ಬಣ್ಣ ಸೇರುವುದು ಅದು ಬೆಳೆಯುವಾಗ ಮಾತ್ರ. ಊಟದ ಕೊರತೆಯಿಂದಲೂ ಕೆಲವು ಸಲ ಬಿಳಿ ಗರಿ ಬರುತ್ತೆ, ಹಾಗಿದ್ದರೆ ಹಳೇ ಗರಿ ಉದುರಿ ಹೊಸದು ಬಂದಾಗ ಸರಿಹೋಗಬಹುದು. ಹುಟ್ಟಿನಿಂದ ಬಂದ ಗುಣವಾದರೆ ಮತ್ತೆ ಬಿಳಿಯೇ ಬರುತ್ತೆ. ಕಾದು ನೋಡಿ, ಅದು ಬಿಟ್ಟು ಸುಮ್ನೆ ಔಷಧಿ ಅಂದರೆ ಹೇಗೆ?

ಚಿಕ್ಕಮ್ಮ: ಪಾಪ, ಒಂಟಿ ಹಕ್ಕಿನಾ?

ದೊಡ್ಡಪ್ಪ: ಇಲ್ಲಮ್ಮ, ಜೊತೆಗೆ ಒಂದು ಮಾಮೂಲಿ ಪಿಕಳಾರ ಇತ್ತು.

ನಾನು: ಇದನ್ನು ಮೊದಲೇ ಹೇಳಬಾರದಾ ದೊಡ್ಡಪ್ಪ!

ದೊಡ್ಡಪ್ಪ: ಜೊತೇಲಿ ಕೂತ ಮಾತ್ರಕ್ಕೆ ನೆಂಟರಾಗ್ತಾರಾ? ಪಕ್ಕದ ತೋಟದವರು ಹಿಡಿದು ಸಾಕ್ತೀವಿ ಅಂತಿದ್ದಾರೆ.

ನಾನು: ಬೇಡ ಅನ್ನಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪಿಕಳಾರ ಹಿಡಿಯುವುದು ತಪ್ಪು, ಬಿಳಿಯಾದರೂ ಅಷ್ಟೇ. ಬಿಳಿ ಹಕ್ಕಿ ಗಿಡುಗನ ಕಣ್ಣಿಗೇ ಬೇಗ ಬೀಳುತ್ತೆ, ಜನರ ಕಾಟ ಬೇರೆ ಯಾಕೆ? ಜಾಗದ ಹೆಸರು ಹಾಕಿ ಫೋಟೋ ಎಲ್ಲೂ ಕಳಿಸಬೇಡಿ.

ದೊಡ್ಡಪ್ಪ: ಮಾವು ಬೆಳೆಗಾರರ ಗುಂಪಿಗೆ ಹಾಕಿಯಾಯ್ತಲ್ಲ. ‘ನಮ್ಮ ತೋಟಕ್ಕೆ ವಿದೇಶಿ ಅತಿಥಿ’ ಅಂತ.

ನಾನು: ಡಿಲೀಟ್ ಫಾರ್ ಎವ್ರಿವನ್ ಒತ್ತಿ ದೊಡ್ಡಪ್ಪ. ಈಗಲೇ.

ದೊಡ್ಡಪ್ಪ: ಅದು ಎಲ್ಲಿರುತ್ತೆ?