ಮೋಸದ ಮೇಲ್‌ಗೆ ದುಡ್ಡು ಹೋಯ್ತು, ತಪ್ಪು ಬರೀ ಅಕೌಂಟ್ಸ್ ಹುಡುಗೀದಾ?

ಮಂಡಿಪೇಟೆ_ಲೆಕ್ಕ:
ದಾವಣಗೆರೇಲಿ ಮೆಕ್ಕೆಜೋಳದ ಟ್ರೇಡಿಂಗ್ ಆಫೀಸು ನಮ್ದು, ಒಂಬತ್ತು ಜನ ಇದೀವಿ. ಪಾರ್ಟಿ ಕಡೆಯಿಂದ "ಬ್ಯಾಂಕ್ ಅಕೌಂಟ್ ಬದಲಾಗಿದೆ, ಸಂಜೆ ಒಳಗೆ ಹಾಕಿ" ಅಂತ ಮೇಲ್ ಬಂತು, ನಮ್ ಹುಡುಗಿ 1.8 ಲಕ್ಷ ಕಳಿಸಿಬಿಟ್ಲು, ಆಮೇಲೆ ನೋಡಿದ್ರೆ ಮೇಲ್ ಐಡೀಲಿ ಇಂಗ್ಲಿಷ್ ಎಲ್ (l) ಇರೋ ಕಡೆ 1 ಅನ್ನೋ ಅಂಕಿ ಇತ್ತು. ಸಾಹುಕಾರ್ರು ಸಂಬಳದಲ್ಲಿ ಹಿಡೀತೀನಿ ಅಂತಿದಾರೆ. ಇದು ಸರೀನಾ?

ಕೋಟೆ_ನೆಟ್ವರ್ಕ್:
ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಣ್ಣ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಕಡೆ ಅಕೌಂಟಲ್ಲಿ ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ. ಸಂಬಳ ಹಿಡಿಯೋದು ಬ್ಯಾಡ, ಇವತ್ತು ಅವಳಿಗೆ ಬೈದ್ರೆ ನಾಳೆ ಇನ್ನೊಬ್ರು ತಪ್ಪು ಲಿಂಕ್ ಒತ್ತಿ ಬಾಯಿ ಮುಚ್ಕೊಂಡು ಕೂರ್ತಾರೆ, ನಿಮಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ.

ಜೋಳದರೊಟ್ಟಿ:
ನಾನು ಸೊಸೈಟಿ ಒಂದ್ರಲ್ಲಿ ಕೆಲ್ಸ ಮಾಡ್ತಿದ್ದೆ, ಅಲ್ಲಿ ಪಾಸ್‌ವರ್ಡ್ ಚೀಟೀನ ಮಾನಿಟರಿಗೇ ಅಂಟಿಸಿದ್ರು, ಟೀ ತರೋ ಹುಡುಗನಿಗೂ ಗೊತ್ತಿತ್ತು. ಸಾಫ್ಟ್‌ವೇರ್ ಎಷ್ಟೇ ದುಬಾರಿ ತಂದ್ರೂ ಏನ್ ಬಂತು? ಅಕೌಂಟ್ ನಂಬರ್ ಬದಲಾಯ್ತು ಅಂದ್ರೆ ಮೇಲಲ್ಲಿರೋ ನಂಬರಿಗಲ್ಲ, ನಿಮ್ಮತ್ರ ಮೊದ್ಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳ್ಬೇಕು. ದೊಡ್ಡ ಮೊತ್ತಕ್ಕೆ ಒಬ್ರು ಎಂಟ್ರಿ, ಇನ್ನೊಬ್ರು ಅಪ್ರೂವ್. ಸಾಹುಕಾರ್ರೇ "ಅರ್ಜೆಂಟ್, ಹಾಕಮ್ಮ" ಅಂದ್ರೂ "ಒಂದ್ನಿಮಿಷ ಕೇಳಿ ಹಾಕ್ತೀನಿ" ಅನ್ನೋ ಧೈರ್ಯ ಆ ಹುಡುಗಿಗೆ ಇರ್ಬೇಕು, ಅದನ್ನ ಕೊಡ್ಬೇಕಾದೋರು ಅವ್ರೇ.

ಮಂಡಿಪೇಟೆ_ಲೆಕ್ಕ:
1930ಕ್ಕೆ ಮಾಡಿದ್ವಿ, ಕಂಪ್ಲೇಂಟ್ ನಂಬರ್ ಬಂದಿದೆ. ನೀವು ಬರೆದಿದ್ದನ್ನ ಹಂಗೇ ಸಾಹುಕಾರ್ರಿಗೆ ತೋರಿಸ್ತೀನಿ, ಪಾಪ ಹುಡುಗಿ ಬೆಳಗ್ಗಿಂದ ಊಟ ಮಾಡಿಲ್ಲ.