ಹುಳು ಮನೆಯಲ್ಲಿ ಸಿಒ2 ಸೆನ್ಸರ್ ದಿನೇ ದಿನೇ ಕಮ್ಮಿ ತೋರಿಸ್ತಿದೆ (ಎಂಎಚ್-ಝಡ್19ಬಿ)

ಶಿಡ್ಲಘಟ್ಟ_ಇಎಸ್‌ಪಿ:
ಮನೆ ಹಾಲ್‌ನಲ್ಲೇ ರೇಷ್ಮೆ ಹುಳು ಮೇಯಿಸೋದು, ಪಕ್ಕದ ರೂಮಲ್ಲಿ ಮಲಗೋದು, ಮಧ್ಯೆ ಬಾಗಿಲಿಲ್ಲ. ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡ್‌ಗೆ ಸಿಒ2 (ಕಾರ್ಬನ್ ಡೈಆಕ್ಸೈಡ್) ಅಳೆಯೋ ಎಂಎಚ್-ಝಡ್19ಬಿ ಸೆನ್ಸರ್ ಜೋಡಿಸಿ, ಅದನ್ನು ನಡೆಸೋಕೆ ಇಎಸ್‌ಪಿಹೋಮ್ ಸಾಫ್ಟ್‌ವೇರ್ ಹಾಕಿದೀನಿ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹುಳು ಸೊಪ್ಪು ಜಾಸ್ತಿ ತಿನ್ನುತ್ತೆ, ರಾತ್ರಿ ಕಿಟಕಿ ಮುಚ್ಚಿರುತ್ತೆ, ರೀಡಿಂಗ್ ಏರಬೇಕು ತಾನೇ? ಇಲ್ಲಿ ಉಲ್ಟಾ. ಮೊದಲ ರಾತ್ರಿ 1,450 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಸಿಒ2), ಆಮೇಲೆ 1,200, ಈಗ 900. ಜಗಲಿ ಮೇಲಿಟ್ರೆ 400 ಬಿಟ್ಟು ಅಲ್ಲಾಡಲ್ಲ. ನಡುನಡುವೆ ಸುಮ್ಮನೆ ಜಿಗಿಯೋದೂ ಇದೆ. ಸೆನ್ಸರ್ ಹೋಯ್ತಾ?

ಸೋಲ್ಡರ್_ಹೊಗೆ (ತುಮಕೂರು):
ಜಿಗಿತಕ್ಕೆ ಮೊದಲು ವೋಲ್ಟೇಜ್ ನೋಡಿ ಸರ್. ಮಲ್ಟಿಮೀಟರ್ ಕಡ್ಡಿಯನ್ನು ಸೆನ್ಸರ್‌ಗೆ ಕರೆಂಟ್ ಒಳಬರುವ ವಿನ್ ಪಿನ್ ಮೇಲೇ ಇಡಿ, ಬೋರ್ಡ್ ಹತ್ತಿರ ಅಲ್ಲ. 4.5ರಿಂದ 5.5 ವೋಲ್ಟ್ ಒಳಗಿರಬೇಕು. ಒಳಗಿನ ದೀಪ ಮಿನುಗುವ ಕ್ಷಣಕ್ಕೆ 150 ಮಿಲಿಆಂಪ್‌ವರೆಗೂ ಎಳೆಯುತ್ತೆ; ಉದ್ದದ ತೆಳ್ಳನೆ ಯುಎಸ್‌ಬಿ ವೈರಾದರೆ ಅಷ್ಟಕ್ಕೇ ಕುಸಿಯುತ್ತೆ. 3.3 ವೋಲ್ಟ್ ಪಿನ್‌ನಿಂದ ಕೊಟ್ಟಿದ್ರೆ ಮುಂದೆ ಮಾತೇ ಬೇಡ. ವಿನ್, ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ನಂದಿ_ತಪ್ಪಲು:
ಸೆನ್ಸರ್ ಸರಿಯಾಗೇ ಇದೆ, ಅದರ ಆಟೋ ಕ್ಯಾಲಿಬ್ರೇಷನ್ (ತಾನೇ ಅಳತೆ ಸರಿಮಾಡಿಕೊಳ್ಳೋದು) ದಾರಿ ತಪ್ಪಿಸ್ತಿದೆ. ಪ್ರತಿ 24 ಗಂಟೆಗೊಮ್ಮೆ ತಾನು ಕಂಡ ಅತಿ ಕಡಿಮೆ ಮಟ್ಟವನ್ನೇ ಹೊರಗಿನ ಗಾಳಿ ಅಂತ ನಂಬಿ ಅದನ್ನು 400ಕ್ಕೆ ಎಳೆಯುತ್ತೆ. ದಿನಕ್ಕೊಮ್ಮೆ ಖಾಲಿಯಾಗುವ ಆಫೀಸಿಗೆ ಇದು ಸರಿ. ಹುಳು, ಸೊಪ್ಪು, ಅಡಿಯಲ್ಲಿ ಹಸಿ ಕಸ ಇರುವ ಹಾಲ್ ಯಾವತ್ತೂ ಆ ಮಟ್ಟಕ್ಕೆ ಇಳಿಯಲ್ಲ. ರಾತ್ರಿ ಸೊಪ್ಪೂ ಸಿಒ2 ಬಿಡುತ್ತೆ, ಕಸ ಹುಳಿಬಂದರೆ ಇನ್ನೂ ಜಾಸ್ತಿ. ಹಸಿರುಮನೆ, ಫಾರಂನಂಥ ಕಡೆ ಇದನ್ನು ಆಫ್ ಮಾಡಿ ಅಂತ ಡೇಟಾಶೀಟ್‌ನಲ್ಲೇ ಇದೆ, ಓದೋರು ಕಮ್ಮಿ.

ಇಎಸ್‌ಪಿಹೋಮ್‌ನಲ್ಲಿ ಆಟೋಮ್ಯಾಟಿಕ್ ಬೇಸ್‌ಲೈನ್ ಕ್ಯಾಲಿಬ್ರೇಷನ್‌ಗೆ ಫಾಲ್ಸ್ ಕೊಡಿ. ಸ್ವಂತ ಕೋಡ್ ಆದರೆ ಅದನ್ನು ಆಫ್ ಮಾಡುವ ಆಜ್ಞೆಯಾಗಿ 9600 ಬಾಡ್ ವೇಗದಲ್ಲಿ ಎಫ್‌ಎಫ್ 01 79 00 00 00 00 00 86 ಕಳಿಸಿ, ಪ್ರತಿ ಬೂಟ್‌ನಲ್ಲೂ. ಆಮೇಲೆ ಸೆನ್ಸರ್ ಅನ್ನು ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ, ದನ, ಒಲೆ, ಬೈಕ್‌ನಿಂದ ದೂರ ಇಟ್ಟು 20 ನಿಮಿಷಕ್ಕಿಂತ ಹೆಚ್ಚು ಓಡಿಸಿ, ಕೈಯಾರೆ ಕ್ಯಾಲಿಬ್ರೇಟ್ ಮಾಡೋಕಿರುವ ಎಚ್‌ಡಿ ಪಿನ್ ಅನ್ನು 7 ಸೆಕೆಂಡಿಗಿಂತ ಜಾಸ್ತಿ ಗ್ರೌಂಡ್‌ಗೆ ಮುಟ್ಟಿಸಿ. ಮುಟ್ಟಿಸುವಾಗ ಮುಖ ಆಚೆ ತಿರುಗಿಸಿ: ನಮ್ಮ ಉಸಿರಲ್ಲಿ 40,000 ಪಿಪಿಎಂ ಆಸುಪಾಸು ಇರುತ್ತೆ.

ಶಿಡ್ಲಘಟ್ಟ_ಇಎಸ್‌ಪಿ:
ವಿನ್‌ನಲ್ಲಿ 4.3 ಇತ್ತು. ವೈರ್ ಬದಲಾಯಿಸಿದೆ, ಜಿಗಿತ ನಿಂತಿದೆ. ಆಟೋ ಆಫ್, ಹೊರಗೆ ಕ್ಯಾಲಿಬ್ರೇಷನ್ ಕೂಡ ಆಯ್ತು. ನಮ್ಮೂರು ಎತ್ತರದಲ್ಲಿದೆ, 1.11ರಿಂದ ಗುಣಿಸಬೇಕು ಅಂತ ಇನ್ನೊಬ್ಬರು ಹೇಳ್ತಾರೆ. ಬೇಕಾ?

ನಂದಿ_ತಪ್ಪಲು:
ಕಾರಣ ನಿಜ, ಲೆಕ್ಕ ತಪ್ಪು. ನಮ್ಮ ಕಡೆ ಸುಮಾರು 900 ಮೀಟರ್ ಎತ್ತರ, ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್, ಸಮುದ್ರ ಮಟ್ಟದಲ್ಲಿ 1,013. ಇನ್‌ಫ್ರಾರೆಡ್ ಸೆನ್ಸರ್ ಎಣಿಸೋದು ಕೊಳವೆಯೊಳಗಿನ ಅಣುಗಳನ್ನು, ಹಾಗಾಗಿ ಶೇ. 10ರಷ್ಟು ಕಮ್ಮಿ ತೋರಿಸುತ್ತೆ. ಆದರೆ ನೀವು ಇಲ್ಲೇ ಕ್ಯಾಲಿಬ್ರೇಟ್ ಮಾಡಿರೋದ್ರಿಂದ ತಳ ಆಗಲೇ ಸರಿಹೋಗಿದೆ. ಇಡೀ ರೀಡಿಂಗ್ ಗುಣಿಸಿದರೆ ಹೊರಗಿನ ಗಾಳಿಯೇ 444 ಆಗುತ್ತೆ. ಕ್ಯಾಲಿಬ್ರೇಟ್ ಆದ ಸೆನ್ಸರ್ ಹೊರಗಿನ ಗಾಳಿಯನ್ನು 400 ಅಂದುಕೊಂಡರೂ, ಹೊರಗೆ ಈಗ ಇರೋದು 425ರ ಆಸುಪಾಸು. ಕ್ಯಾಲಿಬ್ರೇಷನ್ ಬರೀ ತಳ ಸರಿಸುತ್ತೆ ಅಂತ ಇಟ್ಟುಕೊಂಡರೆ: ರೀಡಿಂಗ್‌ನಿಂದ 400 ಕಳೆದು, 1.11ರಿಂದ ಗುಣಿಸಿ, 425 ಕೂಡಿ. 1,366 ಬಂದರೆ ನಿಜವಾದದ್ದು 1,497. ಕಿಟಕಿ ತೆಗೆಯಬೇಕಾ ಅಂತ ತಿಳಿಯೋಕೆ ಇಷ್ಟೂ ಬೇಡ.

ಚಂದ್ರಿಕೆ:
ಜ್ವರಕ್ಕೆ ಕೂರುವಾಗ ಸುಣ್ಣದ ಪುಡಿ ಉದುರಿಸ್ತೀರಲ್ಲ, ಅದಕ್ಕೆ ಮೊದಲು ಸೆನ್ಸರ್ ಆಚೆ ತೆಗೀರಿ. ಧೂಳು ಬಿಳಿ ಫಿಲ್ಟರ್ ಮೇಲೆ ಕೂತರೆ ಗಾಳಿ ಒಳಗೆ ಹೋಗೋದು ನಿಧಾನ. ಕಿಟಕಿ ತೆಗೆದು ಎಷ್ಟೋ ಹೊತ್ತಾದರೂ ಅಂಕಿ ಇಳಿಯಲ್ಲ. ಊದಬೇಡಿ, ಒದ್ದೆ ಬಟ್ಟೆ ಬೇಡ, ಮೆತ್ತನೆ ಒಣ ಬ್ರಷ್ ಸಾಕು. ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹಾಕುವ ದಿನವೂ ಒಳಗೆ ಬಿಡಬೇಡಿ, ಪಿನ್ ತುಕ್ಕು ಹಿಡಿಯುತ್ತೆ.

ಇನ್ನೊಂದು. ಡಿಸೆಂಬರ್ ಚಳಿಗೆ ಹಾಲ್‌ನಲ್ಲಿ ಇದ್ದಿಲು ಒಲೆ ಇಟ್ಟು ಪಕ್ಕದಲ್ಲೇ ಮಲಗುವವರಿದ್ದಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಈ ಸೆನ್ಸರ್‌ಗೆ ಕಾಣಲ್ಲ, ಇದರಲ್ಲಿ 800 ಇದ್ದಾಗಲೂ ಜೀವ ಹೋಗಬಹುದು. ಅದಕ್ಕೆ ಅಲಾರಂ ಇರುವ ಬೇರೆ ಸಿಒ ಡಿಟೆಕ್ಟರ್ ತಗೊಂಡು ಮಲಗುವ ರೂಮಲ್ಲಿ ಹಾಕಿ. ಅದು ಬರೋವರೆಗೆ ಒಲೆ ಬೇಡ, ಕರೆಂಟ್ ಹೀಟರ್ ಇಡಿ.